ಮೇಣ ಸಮೇತ

ಹವ್ಯಾಸಕ್ಕೆಂದು ಹಿತ್ತಿಲಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟುಕೊಂಡವರನ್ನು ಮೊದಲ ಸುಗ್ಗಿಯ ಹೊತ್ತಿಗೆ ಕಾಡುವ ಪ್ರಶ್ನೆ ಒಂದೇ: ಜೇನು ತೆಗೆಯುವ ಯಂತ್ರ ಕೊಳ್ಳಬೇಕೋ ಬೇಡವೋ? ವರ್ಷಕ್ಕೆ ಒಂದೆರಡು ಬಾರಿ ತಿರುಗಿ, ಉಳಿದ ದಿನವೆಲ್ಲ ಅಟ್ಟದ ಮೇಲೆ ಧೂಳು ತಿನ್ನುವ ಆ ಡ್ರಮ್ಮಿಗೆ ದುಡ್ಡು ಸುರಿಯುವ ಬದಲು ಎರಿಯನ್ನೇ ಕತ್ತರಿಸಿ ಮೇಣ ಸಮೇತ ತಿಂದರೆ ಆಗದೆ? ಖಂಡಿತ ಆಗುತ್ತದೆ. ಚೂಪಾದ ಚಾಕು, ಸ್ಟೀಲಿನ ತಟ್ಟೆ, ಒಂದು ಜರಡಿ, ಗಟ್ಟಿ ಮುಚ್ಚಳದ ಡಬ್ಬಿ, ಇಷ್ಟಕ್ಕೆ ಸಾಮಾನಿನ ಪಟ್ಟಿ ಮುಗಿಯಿತು. ಆದರೆ ಸಾಮಾನು ಕಡಿಮೆ ಎಂದ ಮಾತ್ರಕ್ಕೆ ಕೆಲಸವೂ ಕಡಿಮೆ ಎಂದುಕೊಳ್ಳುವವರು ಬಹಳ. ನನ್ನ ಮಟ್ಟಿಗೆ ಹೇಳುವುದಾದರೆ, ಜೇನುಸಾಕಣೆಯಲ್ಲಿ ಎರಿಜೇನಿನಷ್ಟು ಕಣ್ಣು, ಕಾಲಜ್ಞಾನ, ತಾಳ್ಮೆ ಬೇಡುವ ಬೆಳೆ ಇನ್ನೊಂದಿಲ್ಲ. ಚಾಕು ಹಿಡಿಯುವುದು ಆ ಕೆಲಸದ ಕೊನೆಯ ಹತ್ತು ನಿಮಿಷ ಮಾತ್ರ.

ಬಾಟಲಿಗೆ ಹೋಗುವ ಜೇನಿನಲ್ಲಿ ಎಷ್ಟೋ ಕುಂದು ಮುಚ್ಚಿಹೋಗುತ್ತದೆ. ಎರಿ ಹಳೆಯದೋ ಹೊಸದೋ, ಅದರೊಳಗೆ ಒಂದು ಕಾಲದಲ್ಲಿ ಮರಿ ಬೆಳೆದಿತ್ತೋ, ಮೇಲೆ ನೊಣಗಳ ಓಡಾಟದ ಕಂದು ಕಲೆ ಎಷ್ಟಿತ್ತೋ, ಬಟ್ಟೆಯಲ್ಲಿ ಸೋಸಿದ ಮೇಲೆ ಯಾರ ಕಣ್ಣಿಗೂ ಬೀಳದು. ಎರಿಜೇನಿನಲ್ಲಿ ಹಾಗಿಲ್ಲ. ಅರ್ಧ ಮುಚ್ಚಿದ ಕೋಶ, ಮಧ್ಯದಲ್ಲೊಂದು ಪರಾಗದ ಹಳದಿ ಗುಳಿ, ಮೂಲೆಯಲ್ಲಿ ಒಂಟಿ ಹುಳು, ಎಲ್ಲವೂ ತಟ್ಟೆಯ ಮೇಲೆ ಬಹಿರಂಗ. ತಿನ್ನುವವನ ಹಲ್ಲಿಗಂತೂ ಮೇಣದ ದಪ್ಪ ತಕ್ಷಣ ಗೊತ್ತಾಗುತ್ತದೆ. ಒಳ್ಳೆಯ ಎರಿಯಾದರೆ ಬಾಯಲ್ಲಿ ಎರಡು ಸಲ ಜಗಿಯುವಷ್ಟರಲ್ಲಿ ಜೇನೆಲ್ಲ ಹರಿದು ಕಡಲೆಯಷ್ಟು ಮೇಣ ಉಳಿಯುತ್ತದೆ. ಕೆಟ್ಟದ್ದಾದರೆ ಚರ್ಮ ಜಗಿದ ಅನುಭವ.

ಮೇಣದ ಲೆಕ್ಕ

ಮೇಣ ಹೊರಗಿನಿಂದ ತರುವ ವಸ್ತುವಲ್ಲ, ನೊಣದ ಮೈಯಿಂದಲೇ ಬರುವಂಥದ್ದು. ಹುಟ್ಟಿ ಎರಡು ವಾರ ಆಸುಪಾಸಿನ ಕೆಲಸಗಾರ ನೊಣಗಳ ಹೊಟ್ಟೆಯ ಅಡಿಭಾಗದಲ್ಲಿ ನಾಲ್ಕು ಜೊತೆ ಗ್ರಂಥಿಗಳಿರುತ್ತವೆ. ಅಲ್ಲಿಂದ ತೆಳುವಾದ ಚಕ್ಕೆಗಳಾಗಿ ಮೇಣ ಹೊಮ್ಮುತ್ತದೆ. ನೊಣ ಅದನ್ನು ಕಾಲಿನಿಂದ ಎತ್ತಿ, ಬಾಯಲ್ಲಿ ಜಗಿದು ಮೆದುಮಾಡಿ, ಗೋಡೆಗೆ ಒತ್ತುತ್ತದೆ. ಹೀಗೆ ಮೈಯಿಂದ ಮೇಣ ಬರಬೇಕಾದರೆ ಹೊಟ್ಟೆ ತುಂಬ ಜೇನು ಬೇಕು, ಗೂಡಿನಲ್ಲಿ ಬಿಸಿ ಬೇಕು, ವಯಸ್ಸಿಗೆ ಬಂದ ಎಳೆಯ ನೊಣಗಳ ದಂಡು ಬೇಕು. ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ಜೇನು ಖರ್ಚಾಗುತ್ತದೆ ಎಂಬುದು ಜೇನುಸಾಕಣೆಯಲ್ಲಿ ರೂಢಿಯ ಅಂದಾಜು. ಆದರೆ ಒಮ್ಮೆ ಕಟ್ಟಿ ನಿಂತ ಮೇಲೆ ಆ ಒಂದು ಕಿಲೋ ಮೇಣ ಇಪ್ಪತ್ತು ಕಿಲೋಗೂ ಹೆಚ್ಚು ಜೇನನ್ನು ಹೊತ್ತು ನಿಲ್ಲುತ್ತದೆ.

ಯಂತ್ರದ ಉಪಕಾರ ಇರುವುದು ಇಲ್ಲಿಯೇ. ಮುಚ್ಚಳ ಹೆರೆದ ಎರಿಯನ್ನು ತಿರುಗಿಸಿ ಜೇನು ಹೊರಚೆಲ್ಲಿಸಿ, ಖಾಲಿ ಎರಿಯನ್ನು ಪೆಟ್ಟಿಗೆಗೆ ವಾಪಸು ಕೊಟ್ಟರೆ ನೊಣಗಳಿಗೆ ಮತ್ತೆ ಕಟ್ಟುವ ಕೆಲಸ ತಪ್ಪಿತು, ಸಾಕಿದವನಿಗೆ ಜೇನು ಹೆಚ್ಚಿತು. ಎರಿಜೇನು ಬೇಕೆಂದವನು ಪ್ರತಿ ಸಲವೂ ಮನೆಯನ್ನೇ ಕಿತ್ತುಕೊಂಡು ಹೋಗುತ್ತಾನೆ. ನೂರಾರು ಪೆಟ್ಟಿಗೆಯ ವ್ಯಾಪಾರಿಗೆ ಇದು ನಷ್ಟದ ಬಾಬ್ತು. ಎರಡು ಪೆಟ್ಟಿಗೆಯವನಿಗೆ ಎರಡು ಕಿಲೋ ಕಡಿಮೆಯಾದರೆ ಆಕಾಶ ಬೀಳುವುದಿಲ್ಲ. ಎರಿಜೇನು ಹವ್ಯಾಸಿಯ ಪಾಲಿಗೇ ಒದಗಿಬಂದದ್ದು ಈ ಲೆಕ್ಕದಿಂದಾಗಿ.

ಯಂತ್ರ ಬರುವ ಮೊದಲು ಜಗತ್ತಿನಲ್ಲೆಲ್ಲ ಜೇನೆಂದರೆ ಒಂದೋ ಎರಿಜೇನು, ಇಲ್ಲವೇ ಹಿಂಡಿದ ಜೇನು. ನಮ್ಮ ಮಲೆನಾಡಿನ ಮಡಕೆಗೂಡು, ಗೋಡೆಗೂಡುಗಳಲ್ಲೂ ಎರಿ ಕತ್ತರಿಸಿ ಕೈಯಲ್ಲಿ ಹಿಂಡುವುದೇ ಪದ್ಧತಿಯಾಗಿತ್ತು. ಮರಿ, ಪರಾಗ, ಮೇಣ ಎಲ್ಲ ಒಟ್ಟಿಗೆ ಹಿಂಡಿ ಬಂದ ಆ ಜೇನು ಬೇಗ ಹುಳಿಯುತ್ತಿತ್ತು. ಗೂಡೂ ಅಲ್ಲಿಗೆ ಮುಗಿಯುತ್ತಿತ್ತು. ಬದಲಾವಣೆಗೆ ಕಾರಣನಾದವನು ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್. ನೊಣಗಳು ಓಡಾಡಲು ಬಿಟ್ಟುಕೊಳ್ಳುವ ಆರೇಳು ಮಿಲಿಮೀಟರ್‌ನಷ್ಟು ಸಂದನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬುದನ್ನು 1851ರಲ್ಲಿ ಗಮನಿಸಿದ ಆತ, ಎತ್ತಿ ತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಗೆ ಮರುವರ್ಷ ಪೇಟೆಂಟ್ ಪಡೆದ. ನಮ್ಮ ತುಡುವೆ ಜೇನಿನ ಚಿಕ್ಕ ಸಂಸಾರಕ್ಕೆ ಆ ಪೆಟ್ಟಿಗೆ ದೊಡ್ಡದಾಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತಿರುಚಿರಾಪಳ್ಳಿಯ ಇನ್ನೊಬ್ಬ ಪಾದ್ರಿ ನ್ಯೂಟನ್ ಅದನ್ನೇ ತುಡುವೆಯ ಅಳತೆಗೆ ಇಳಿಸಿದರು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಇಂದಿಗೂ ಕಾಣುವುದು ಆ ನ್ಯೂಟನ್ ಪೆಟ್ಟಿಗೆಯ ಕುಲದ್ದೇ.

ಅಂದ ಹಾಗೆ, ಆ ಪೆಟ್ಟಿಗೆಯ ಮೇಲಿನ ಜೇನುಕೋಣೆಯ ಚೌಕಟ್ಟು ಸುಮಾರು 21 ಸೆಂಟಿಮೀಟರ್ ಉದ್ದ, ಆರೂವರೆ ಸೆಂಟಿಮೀಟರ್ ಎತ್ತರ. ನ್ಯೂಟನ್ನರ ಮನಸ್ಸಿನಲ್ಲಿ ಎರಿಜೇನು ಇತ್ತೋ ಇಲ್ಲವೋ, ನಾಲ್ಕು ಜನರ ಮನೆಗೆ ಒಂದು ತುಂಡು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಯನ್ನು ಹುಡುಕಿ ತರಲಾಗದು.

ಸಾವಿರ ಡಾಲರಿನ ಪಂಥ

1865ರಲ್ಲಿ ಆಸ್ಟ್ರಿಯಾದ ನಿವೃತ್ತ ಸೇನಾಧಿಕಾರಿ ಹ್ರುಷ್ಕಾ ತಿರುಗಿಸಿ ಜೇನು ತೆಗೆಯುವ ಯಂತ್ರವನ್ನು ತೋರಿಸಿದ ಮೇಲೆ ಎರಿಜೇನಿನ ಕಾಲ ಮುಗಿಯಬೇಕಿತ್ತು. ಅಮೆರಿಕದಲ್ಲಿ ಆದದ್ದು ತದ್ವಿರುದ್ಧ. ಬಾಟಲಿಯ ಜೇನಿಗೆ ಗ್ಲೂಕೋಸ್ ಪಾಕ ಬೆರೆಸುವುದು ಅಲ್ಲಿ ಎಷ್ಟು ಹಬ್ಬಿತೆಂದರೆ, ಎರಿಯಲ್ಲಿದ್ದರೆ ಮಾತ್ರ ನಂಬುತ್ತೇವೆ ಎಂದು ಜನ ಹಟ ಹಿಡಿದರು. ಕ್ಯಾಲಿಫೋರ್ನಿಯಾದ ಹಾರ್ಬಿಸನ್ 1857ರಲ್ಲೇ ಚಿಕ್ಕ ಮರದ ಚೌಕಗಳಲ್ಲಿ ನೊಣಗಳಿಂದ ನೇರವಾಗಿ ಎರಿ ಕಟ್ಟಿಸುವ ವಿಧಾನ ಕಂಡುಕೊಂಡಿದ್ದ. ಎಪ್ಪತ್ತರ ದಶಕದಲ್ಲಿ ಅವನ ಎರಿಜೇನು ರೈಲು ಹತ್ತಿ ಪೂರ್ವ ತೀರದ ಪೇಟೆಗಳಿಗೆ ಹೋಗುತ್ತಿತ್ತು. ನಾಲ್ಕೂಕಾಲು ಇಂಚಿನ ಮರದ ಚೌಕ, ಒಳಗೆ ಒಂದು ಪೌಂಡ್ ಆಸುಪಾಸಿನ ಜೇನು: ಮೂರು ನಾಲ್ಕು ದಶಕ ಅಮೆರಿಕದ ಅಂಗಡಿಗಳಲ್ಲಿ ಜೇನಿನ ಮುಖವೇ ಅದಾಗಿತ್ತು.

ಇದರ ನಡುವೆ 1881ರಲ್ಲಿ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ ಜನಪ್ರಿಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ, ಪ್ಯಾರಫಿನ್‌ನಿಂದ ಯಂತ್ರದಲ್ಲೇ ಎರಿ ಅಚ್ಚು ಮಾಡಿ, ಗ್ಲೂಕೋಸ್ ತುಂಬಿ, ಮುಚ್ಚಳ ಹಾಕಿ ಮಾರುತ್ತಿದ್ದಾರೆ ಎಂಬ ಮಾತು ಸೇರಿಸಿಬಿಟ್ಟ. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಸುದ್ದಿ ಕಾಳ್ಗಿಚ್ಚಾಯಿತು. ಜೇನುಸಾಕಣೆಗಾರರು ಬಾಯಿ ಬಡಿದುಕೊಂಡರು. ಓಹಿಯೋದ ಜೇನು ಸಲಕರಣೆಯ ವ್ಯಾಪಾರಿ ಎ.ಐ. ರೂಟ್, ಅಂಥ ಕೃತಕ ಎರಿಜೇನನ್ನು ತಂದು ತೋರಿಸಿದವರಿಗೆ 1,000 ಡಾಲರ್ ಎಂದು ಪಂಥ ಕಟ್ಟಿದ. ಆ ಹಣ ಯಾರಿಗೂ ದಕ್ಕಲಿಲ್ಲ. ದಕ್ಕುವುದು ಸಾಧ್ಯವೂ ಇರಲಿಲ್ಲ: ಕೂದಲಿಗಿಂತ ತೆಳುವಾದ ಗೋಡೆಯ ಕೋಶಗಳಿಗೆ ಜೇನು ತುಂಬಿ ಮುಚ್ಚಳ ಹಾಕುವ ಯಂತ್ರ ಎಲ್ಲಿತ್ತು? ತಾನು ಬರೆದದ್ದು ತಮಾಷೆಗೆ ಎಂದು ವೈಲಿ ಆಮೇಲೆ ಹೇಳಿದ. ಅಷ್ಟರಲ್ಲಿ ಸುಳ್ಳಿಗೆ ಕಾಲು ಬಂದಾಗಿತ್ತು. ಈ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಮುಂದಿನ ಭಾಗ. 1906ರಲ್ಲಿ ಅಮೆರಿಕದ ಮೊದಲ ಆಹಾರ ಶುದ್ಧತೆಯ ಕಾಯ್ದೆ ಬರಲು ಮುಖ್ಯ ಕಾರಣನಾದವನು ಇದೇ ವೈಲಿ. ಕಾಯ್ದೆ ಬಂದು ಬಾಟಲಿಯ ಮೇಲೆ ನಂಬಿಕೆ ಮರಳಿತು, ಮರದ ಚೌಕದ ಎರಿಜೇನು ಮೆಲ್ಲಗೆ ಅಂಗಡಿಯಿಂದ ಮರೆಯಾಗಿ ಹವ್ಯಾಸಿಗಳ ಕೈಗೆ ಬಂತು. ಅಂಥ ಹವ್ಯಾಸಿಗಳಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಿಚರ್ಡ್ ಟೇಲರ್ ದೊಡ್ಡ ಹೆಸರು. ತತ್ತ್ವಮೀಮಾಂಸೆಯ ಪಠ್ಯ ಬರೆದ ಕೈಯಲ್ಲೇ 1977ರಲ್ಲಿ ಎರಿಜೇನಿನ ಬಗೆಗೂ ಪುಸ್ತಕ ಬರೆದವರು ಅವರು.

ತುಡುವೆಯ ಗುಣ

ಹಾರ್ಬಿಸನ್, ಟೇಲರ್ ಎಲ್ಲ ಸಾಕಿದ್ದು ಯುರೋಪಿನ ಮೆಲ್ಲಿಫೆರಾ ಜೇನನ್ನು. ನಮ್ಮ ಬಯಲುಸೀಮೆಯಲ್ಲೂ ಸೂರ್ಯಕಾಂತಿ ಹೊಲದ ಪಕ್ಕ ಸಾಲಾಗಿ ಇಡುವ ಪೆಟ್ಟಿಗೆಗಳಲ್ಲಿ ಇರುವುದು ಅದೇ. ಇಳುವರಿಯ ಮಾತು ಬಂದರೆ ತುಡುವೆ ಅದರ ಮುಂದೆ ನಿಲ್ಲುವುದಿಲ್ಲ. ವರ್ಷಕ್ಕೆ ಐದಾರು ಕಿಲೋ, ಒಳ್ಳೆಯ ಜಾಗದಲ್ಲಿ ಹತ್ತು ಕಿಲೋ ಸಿಕ್ಕರೆ ಸಂತೋಷ. ಆದರೆ ಎರಿಜೇನಿನ ಮಟ್ಟಿಗೆ ತುಡುವೆಗೆ ಮೂರು ಗುಣಗಳಿವೆ, ಅವುಗಳ ಬೆಲೆಯನ್ನು ನಾವು ಸರಿಯಾಗಿ ಕಟ್ಟಿಲ್ಲ ಎಂಬುದು ನನ್ನ ತಕರಾರು.

ಮೊದಲನೆಯದು, ತುಡುವೆ ಮರದ ಅಂಟು ತರುವುದಿಲ್ಲ. ಮೆಲ್ಲಿಫೆರಾ ಜೇನು ಮರಗಿಡಗಳ ಮೊಗ್ಗು, ತೊಗಟೆಯಿಂದ ಕಂದು ಅಂಟು ತಂದು ಗೂಡಿನ ಸಂದುಗೊಂದಿಗೆಲ್ಲ ಮೆತ್ತುತ್ತದೆ. ಎರಿಯ ಅಂಚೂ ಕೊಳಕಾಗುತ್ತದೆ. ತುಡುವೆಯ ಪೆಟ್ಟಿಗೆ ತೆರೆದರೆ ಚೌಕಟ್ಟುಗಳು ಬೆರಳಿನಲ್ಲಿ ಎತ್ತಿದರೆ ಬರುತ್ತವೆ, ಎರಿಯ ಬಿಳುಪು ಹಾಗೇ ಇರುತ್ತದೆ. ಎರಡನೆಯದು, ಅದಕ್ಕೆ ಹಳೆಯ ಎರಿಯ ಮೇಲೆ ಮೋಹವಿಲ್ಲ. ಕಪ್ಪಾದ ಎರಿಯನ್ನು ತಾನೇ ಕಡಿದು ಕೆಡವಿ ಹೊಸದು ಕಟ್ಟುವ ಸ್ವಭಾವ ಅದರದು. ಮೂರನೆಯದು ಇನ್ನೂ ಮುಖ್ಯ. ಜಗತ್ತಿನ ಮೆಲ್ಲಿಫೆರಾ ಸಾಕಣೆಯನ್ನು ನಡುಗಿಸಿದ ವರೋವಾ ಉಣ್ಣೆ ಮೂಲತಃ ತುಡುವೆಯ ಕುಲದ ಮೇಲೆಯೇ ಬದುಕಿದ್ದ ಪರಾವಲಂಬಿ. ಸಾವಿರಾರು ವರ್ಷ ಒಟ್ಟಿಗೆ ಬಾಳಿದ್ದರಿಂದ ತುಡುವೆಗೆ ಅದನ್ನು ಮೈಯಿಂದ ಕಿತ್ತೆಸೆಯುವ ವಿದ್ಯೆ ಗೊತ್ತು. ಹಾಗಾಗಿ ತುಡುವೆಯ ಪೆಟ್ಟಿಗೆಗೆ ಉಣ್ಣೆಯ ಔಷಧಿ ಹಾಕುವ ಪ್ರಮೇಯವೇ ಇಲ್ಲ. ಔಷಧಿಯ ಅಂಶ ಜೇನಿಗಿಂತ ಮೇಣದಲ್ಲಿ ಹೆಚ್ಚು ಹಿಡಿದು ನಿಲ್ಲುತ್ತದೆ. ಮೇಣವನ್ನೇ ಬಾಯಿಗಿಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಕುಂದುಗಳೂ ಇವೆ. ತುಡುವೆಯ ಜೇನು ತೆಳು. ಮುಚ್ಚಳ ಹಾಕಿದ ಕೋಶದಲ್ಲೂ ನೀರಿನ ಅಂಶ ಆಹಾರ ಸುರಕ್ಷತಾ ಪ್ರಾಧಿಕಾರ ವಿಧಿಸಿದ ಶೇ 20ರ ಗಡಿ ದಾಟುವುದುಂಟು, ಕರಾವಳಿಯ ತೇವದ ಗಾಳಿಯಲ್ಲಂತೂ ಸಾಮಾನ್ಯ. ಪದೇ ಪದೇ ಕೆಣಕಿದರೆ, ಆಹಾರ ಕಡಿಮೆಯಾದರೆ ಇಡೀ ಸಂಸಾರ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ರೋಗದ ನೆನಪೂ ಹಳೆಯದಾಗಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತ್ತು. ಮರಿ ಸಾಯುತ್ತಿರುವ ಪೆಟ್ಟಿಗೆಯಿಂದ ಎರಿ ತೆಗೆಯುವುದೂ ಬೇಡ, ಅದರ ಚೌಕಟ್ಟನ್ನು ಇನ್ನೊಂದಕ್ಕೆ ಕೊಡುವುದೂ ಬೇಡ.

ಕಟ್ಟಿಸುವ ಕೆಲಸ

ನೊಣ ಬಿಳಿ ಎರಿ ಕಟ್ಟುವುದು ಸಮೃದ್ಧಿಯ ದಿನಗಳಲ್ಲಿ ಮಾತ್ರ. ಕರಾವಳಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ರಬ್ಬರ್ ಮರ ಎಲೆ ಉದುರಿಸಿ ಚಿಗುರುವಾಗ ಆ ದಿನಗಳು ಬರುತ್ತವೆ. ರಬ್ಬರಿನ ಮಕರಂದ ಹೂವಿನದ್ದಲ್ಲ, ಎಳೆಯ ಎಲೆತೊಟ್ಟಿನ ತುದಿಯ ಗ್ರಂಥಿಗಳಿಂದ ಒಸರುವಂಥದ್ದು. ಮಲೆನಾಡಿಗೆ ಹೂಮಳೆ ಬಿದ್ದಾಗ ಕಾಫಿ, ಆಮೇಲೆ ನೇರಳೆ ಮತ್ತು ಕಾಡಿನ ಹತ್ತಾರು ಮರ. ಬಯಲಿನ ಊರುಗಳಲ್ಲಿ, ಬೆಂಗಳೂರಿನ ತಾರಸಿಗಳಲ್ಲಿ ಹೊಂಗೆ, ಬೇವು, ಹುಣಸೆ. ಇವುಗಳಲ್ಲಿ ರಬ್ಬರಿನ ಜೇನು ಬೇಗ ಹರಳುಗಟ್ಟುತ್ತದೆ. ಬಾಟಲಿಯಲ್ಲಿ ಹರಳುಗಟ್ಟಿದರೆ ಬಿಸಿನೀರಿನಲ್ಲಿಟ್ಟು ಕರಗಿಸಬಹುದು, ಎರಿಯಲ್ಲಿ ಹರಳುಗಟ್ಟಿದರೆ ಬೇರೆ ದಾರಿಯಿಲ್ಲ. ಅದಕ್ಕೇ ಆಯ್ಕೆ ಇದ್ದರೆ ನೇರಳೆ, ಕಾಡುಹೂವಿನ ಕಾಲಕ್ಕೆ ಕಾಯುವುದು ವಾಸಿ. ರಬ್ಬರಿನ ಎರಿಯನ್ನು ಕೊಯ್ದ ಕೆಲವೇ ದಿನಗಳಲ್ಲಿ ತಿಂದು ಮುಗಿಸಬೇಕು.

ಕಾಲ ಬಂತೆಂದು ಪೆಟ್ಟಿಗೆಯೇ ಹೇಳುತ್ತದೆ. ಕೆಳಗಿನ ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿ ಸುಣ್ಣ ಸವರಿದಂತೆ ಹೊಸ ಬಿಳಿ ಮೇಣ ಕಾಣಿಸಿಕೊಂಡರೆ ನೊಣಗಳು ಕಟ್ಟಲು ಸಿದ್ಧ ಎಂದರ್ಥ. ಆಗ ಜೇನುಕೋಣೆ ಏರಿಸಬೇಕು. ಅದಕ್ಕೆ ಮೊದಲು ಏರಿಸಿದರೆ ಖಾಲಿ ಕೋಣೆಯಲ್ಲಿ ಬಿಸಿ ನಿಲ್ಲದೆ ಯಾರೂ ಮೇಲೆ ಹತ್ತುವುದಿಲ್ಲ. ತಡವಾದರೆ ಇಕ್ಕಟ್ಟಿಗೆ ಬೇಸತ್ತು ಕೆಳಗೆ ರಾಣಿ ಕೋಶ ಕಟ್ಟಿ ಪಾಲಾಗಿ ಹೋಗುತ್ತವೆ. ಎರಿಜೇನಿನ ಇಡೀ ಕಸುಬು ಈ ಎರಡರ ನಡುವಿನ ಸಣ್ಣ ಸಂದಿನಲ್ಲಿದೆ. ಬಾಟಲಿ ಜೇನಿನವನು ಕೋಣೆಯ ಮೇಲೆ ಕೋಣೆ ಏರಿಸಿ ನಿಶ್ಚಿಂತನಾಗಿರಬಹುದು. ಎರಿಜೇನಿನವನು ಬೇಕೆಂದೇ ಜಾಗ ಬಿಗಿ ಹಿಡಿಯಬೇಕು, ಏಕೆಂದರೆ ಇಕ್ಕಟ್ಟಿನಲ್ಲಿ ಮಾತ್ರ ಎರಿ ಮೂಲೆಮೂಲೆಗೆ ತುಂಬಿ ಗೋಡೆಗೆ ಅಂಟಿ ನಿಲ್ಲುತ್ತದೆ. ಬಿಗಿ ಹಿಡಿದಷ್ಟೂ ಪಾಲಾಗುವ ಭಯ ಹೆಚ್ಚು. ವಾರಕ್ಕೊಮ್ಮೆ ಸಂಸಾರ ಕೋಣೆ ನೋಡಿ ರಾಣಿ ಕೋಶ ಇದೆಯೇ ಎಂದು ಹುಡುಕುವುದು ಈ ದಿನಗಳಲ್ಲಿ ತಪ್ಪಿಸಲಾಗದ ಕೆಲಸ. ಮೊದಲ ಕೋಣೆ ಮುಕ್ಕಾಲು ತುಂಬಿದ ಮೇಲೆ ಎರಡನೆಯದರ ಯೋಚನೆ.

ಚೌಕಟ್ಟಿಗೆ ತಂತಿ ಬೇಡ, ಪೂರ್ತಿ ಮೇಣದ ಹಾಳೆಯೂ ಬೇಡ. ಪೇಟೆಯ ಹಾಳೆ ದಪ್ಪ, ಎರಿಯ ನಟ್ಟನಡುವೆ ಹಲ್ಲಿಗೆ ಸಿಕ್ಕುತ್ತದೆ. ಅದರಲ್ಲಿ ಪ್ಯಾರಫಿನ್ ಬೆರೆತಿರುವುದೂ ಇಲ್ಲದಿಲ್ಲ. ಮೇಲಿನ ಪಟ್ಟಿಯ ಕೆಳಬದಿಗೆ ಬೆರಳಗಲದ ಶುದ್ಧ ಮೇಣದ ಪಟ್ಟಿ ಅಂಟಿಸಿದರೆ ಸಾಕು, ನೊಣ ಅಲ್ಲಿಂದ ಕೆಳಗಿಳಿಸಿ ಕಟ್ಟಿಕೊಳ್ಳುತ್ತದೆ. ಅದು ಕಟ್ಟುವುದು ತೂಕದ ಗುಂಡಿನ ನೇರಕ್ಕೆ. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿದ್ದರೆ ಎರಿ ಚೌಕಟ್ಟು ಬಿಟ್ಟು ಪಕ್ಕದ ಚೌಕಟ್ಟಿಗೆ ಹೋಗಿ ಸೇರುತ್ತದೆ. ಆಮೇಲೆ ಒಂದನ್ನು ಎತ್ತಿದರೆ ಎರಡೂ ಹರಿದು ಜೇನು ಚೆಲ್ಲುತ್ತದೆ. ಗಾರೆ ಕೆಲಸದವರ ಮಟ್ಟದ ಗುಂಡಿನ ಪಟ್ಟಿಯನ್ನು ಪೆಟ್ಟಿಗೆಯ ಮೇಲಿಟ್ಟು ನೋಡುವುದು ತಮಾಷೆಯಾಗಿ ಕಂಡರೂ ಪ್ರಯೋಜನದ ಕೆಲಸ.

ಕೋಣೆ ಏರಿಸುವ ಮೊದಲೇ ಸಕ್ಕರೆ ಪಾನಕ ಕೊಡುವುದನ್ನು ನಿಲ್ಲಿಸಿರಬೇಕು. ಮಳೆಗಾಲದ ಬರದಲ್ಲಿ ಸಂಸಾರ ಉಳಿಸಲು ಪಾನಕ ಕೊಡುವುದು ಸರಿಯೇ. ಆದರೆ ಸುಗ್ಗಿಯ ಹೊಸ್ತಿಲವರೆಗೂ ಕೊಡುತ್ತ ಹೋದರೆ ನೊಣ ಅದನ್ನು ಮೇಲಿನ ಕೋಣೆಗೆ ಸಾಗಿಸಿ, ಚೆನ್ನಾಗಿ ಮುಚ್ಚಳ ಹಾಕಿ, ನೋಡಲು ಲಕ್ಷಣವಾದ ಎರಿಯನ್ನೇ ಕಟ್ಟಿಕೊಡುತ್ತದೆ. ಒಳಗಿರುವುದು ಹೂವಿನದ್ದಲ್ಲ ಅಷ್ಟೇ.

ಕತ್ತರಿಸುವ ದಿನ

ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಕೋಶದಲ್ಲಿ ಹರವಿ, ರಾತ್ರಿಯಿಡೀ ರೆಕ್ಕೆ ಬೀಸಿ ಒಣಗಿಸುತ್ತವೆ. ಸುಗ್ಗಿಯ ರಾತ್ರಿ ಪೆಟ್ಟಿಗೆಗೆ ಕಿವಿ ಕೊಟ್ಟರೆ ಆ ಮೊರೆತ ಕೇಳುತ್ತದೆ. ಜೇನು ಮಾಗಿದ ಮೇಲೆ ಮೇಣದ ಮುಚ್ಚಳ ಬೀಳುತ್ತದೆ. ಯಂತ್ರಕ್ಕೆ ಹಾಕುವ ಎರಿ ಮುಕ್ಕಾಲು ಮುಚ್ಚಿದ್ದರೂ ನಡೆದೀತು, ಕತ್ತರಿಸುವ ಎರಿ ಅಂಚಿನ ಒಂದು ಸಾಲು ಬಿಟ್ಟರೆ ಪೂರ್ತಿ ಮುಚ್ಚಿರಲೇಬೇಕು. ಹಾಗೆಂದು ಮುಚ್ಚಿದ ಎರಿಯನ್ನು ವಾರಗಟ್ಟಲೆ ಒಳಗೇ ಬಿಟ್ಟರೆ ಸಾವಿರಾರು ಕಾಲುಗಳ ಓಡಾಟಕ್ಕೆ ಬಿಳಿ ಮುಚ್ಚಳ ಹಳದಿಗೆ, ಹಳದಿ ಕಂದಿಗೆ ತಿರುಗುತ್ತದೆ. ಎಲ್ಲ ಚೌಕಟ್ಟೂ ಒಟ್ಟಿಗೆ ಆಗಲಿ ಎಂದು ಕಾಯಬಾರದು. ಒಂದು ಮುಗಿದರೆ ಒಂದನ್ನು ತೆಗೆದು ಆ ಜಾಗಕ್ಕೆ ಖಾಲಿ ಚೌಕಟ್ಟು ಇಳಿಬಿಡುವುದೇ ಸರಿ. ಎರಡು ಪೆಟ್ಟಿಗೆಯವನಿಗೆ ಇದಕ್ಕೆ ಪುರುಸೊತ್ತೂ ಇರುತ್ತದೆ.

ಬಿಸಿಲು ಏರಿ ಬಹುಪಾಲು ನೊಣಗಳು ಹೂವಿಗೆ ಹೋದ ಹೊತ್ತಿನಲ್ಲಿ ತೆರೆಯಬೇಕು. ತೆಂಗಿನ ನಾರಿನ ತಣ್ಣನೆಯ ಹೊಗೆ ಎರಡು ಬಾರಿ ಆಡಿಸಿದರೆ ಸಾಕು. ಹೊಗೆ ಜಾಸ್ತಿಯಾದರೆ ನೊಣ ಹೆದರಿ ಮುಚ್ಚಳ ಕೊರೆದು ಜೇನು ಹೀರತೊಡಗುತ್ತದೆ. ಒಂದು ನಿಮಿಷದಲ್ಲಿ ನುಣುಪಾದ ಎರಿ ಸೂಜಿ ಚುಚ್ಚಿದಂತಾಗುತ್ತದೆ, ಮೇಲೆ ಹೊಗೆಯ ವಾಸನೆ ಬೇರೆ. ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದರೆ ಒಳಗೇನಿದೆ ಎಂದು ತಿಳಿಯುತ್ತದೆ. ಬರೀ ಜೇನಿದ್ದರೆ ಬೆಳಕು ಒಂದೇ ಸಮನೆ ಹಾಯುತ್ತದೆ, ಪರಾಗ ಇದ್ದಲ್ಲಿ ಕಪ್ಪು. ರಾಣಿ ಮೇಲೆ ಹತ್ತಿ ಮೊಟ್ಟೆ ಇಟ್ಟಿದ್ದರೆ ಆ ಚೌಕಟ್ಟನ್ನು ಸುಮ್ಮನೆ ವಾಪಸು ಇಡಬೇಕು. ಒಂದು ಸಲ ಮರಿ ಬೆಳೆದ ಕೋಶದಲ್ಲಿ ರೇಷ್ಮೆಯ ಪೊರೆ ಉಳಿಯುತ್ತದೆ, ಆ ಎರಿ ಮತ್ತೆಂದೂ ಬಾಯಿಗೆ ಹಿತವಾಗದು. ಸಂಸಾರ ಕೋಣೆಯ ಎರಿಯ ಮೇಲ್ಭಾಗದಲ್ಲಿ ಕಾಣುವ ಜೇನಿಗೆ ಕೈ ಹಾಕಲೇಬಾರದು, ಅದು ಮನೆಯವರ ಊಟ.

ಕೊಯ್ಲನ್ನು ಬಾಗಿಲು ಮುಚ್ಚಿದ ಕೋಣೆಯೊಳಗೇ ಮಾಡಿ. ಬಯಲಲ್ಲಿ ಒಂದು ಹನಿ ಬಿದ್ದರೂ ಪಕ್ಕದ ಪೆಟ್ಟಿಗೆಯ ನೊಣಗಳು ಲೂಟಿಗೆ ಇಳಿಯುತ್ತವೆ. ಇರುವೆಗೆ ಆಮಂತ್ರಣವೇ ಬೇಡ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮೇಲಿನ ಪಟ್ಟಿಯಿಂದ ಒಂದು ಬೆರಳು ಕೆಳಗೆ ಒತ್ತಿ ಕತ್ತರಿಸಬೇಕು. ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಕೋಶಗಳು ಹರಿಯುತ್ತವೆ. ತುಂಡುಗಳನ್ನು ಜರಡಿಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೊಂದು ಪಾತ್ರೆ ಮುಚ್ಚಿ, ಅಂಚಿನ ಕಡಿದ ಕೋಶಗಳ ಜೇನು ಸೋರಿಹೋಗಲು ಒಂದು ರಾತ್ರಿ ಬಿಡಬೇಕು. ಈ ಒಂದು ರಾತ್ರಿಯ ತಾಳ್ಮೆ ಇಲ್ಲದೆ ನೇರ ಡಬ್ಬಿಗೆ ಹಾಕಿದರೆ ಎರಿ ತನ್ನದೇ ಜೇನಿನಲ್ಲಿ ಮುಳುಗಿ ನೆನೆದ ಬಿಸ್ಕತ್ತಿನಂತಾಗುತ್ತದೆ. ಮಾರಾಟದ ಎಷ್ಟೋ ಡಬ್ಬಿಗಳಲ್ಲಿ ಕಾಣುವುದು ಈ ಅವಸರವೇ.

ಎರಿಯ ವೈರಿ ಮೇಣದ ಪತಂಗ. ಅದರ ಮೊಟ್ಟೆ ಬರಿಗಣ್ಣಿಗೆ ಸುಲಭವಾಗಿ ಸಿಗದಷ್ಟು ಸಣ್ಣದು. ಚೊಕ್ಕಟವಾಗಿ ಕಂಡ ತುಂಡು ಒಂದೆರಡು ವಾರದಲ್ಲಿ ಬಲೆ ಕಟ್ಟಿ ಹುಳು ಹರಿದಾಡುವುದು ಹೀಗೆ. ಪರಿಹಾರ ಫ್ರೀಜರ್. ಮೈನಸ್ 15 ಡಿಗ್ರಿಯ ಚಳಿಯಲ್ಲಿ ಪತಂಗದ ಮೊಟ್ಟೆಯಿಂದ ಹಿಡಿದು ಎಲ್ಲ ಹಂತವೂ ಎರಡು ಗಂಟೆಯಲ್ಲಿ ಸಾಯುತ್ತದೆ. ಮನೆಯ ಫ್ರೀಜರ್‌ನ ಚಳಿ ಡಬ್ಬಿಯ ಒಳಗಿನವರೆಗೆ ಇಳಿಯಲು ಹೊತ್ತು ಬೇಕಾದ್ದರಿಂದ ಒಂದೆರಡು ದಿನ ಇಡುವುದು ಕ್ಷೇಮ. ಹೊರತೆಗೆದ ಮೇಲೆ ಡಬ್ಬಿ ಪೂರ್ತಿ ಬೆಚ್ಚಗಾಗುವ ತನಕ ಮುಚ್ಚಳ ತೆರೆಯಬಾರದು. ತೆರೆದರೆ ಗಾಳಿಯ ತೇವವೆಲ್ಲ ತಣ್ಣನೆಯ ಎರಿಯ ಮೇಲೆ ಹನಿಗಟ್ಟಿ, ಜೇನು ಅದನ್ನು ಹೀರಿಕೊಂಡು ಹುಳಿಯಲು ಶುರುವಾಗುತ್ತದೆ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಎರಿಜೇನಿಗೆ ಏನೂ ಆಗದು. ಫ್ರಿಜ್ಜಿನ ಕೆಳಖಾನೆಯಲ್ಲಿ ಇಡುವ ರೂಢಿ ಮಾತ್ರ ಬಿಡಬೇಕು. ಜೇನು ಅತಿ ಬೇಗ ಹರಳುಗಟ್ಟುವುದು 10ರಿಂದ 15 ಡಿಗ್ರಿಯ ನಡುವೆ, ತರಕಾರಿ ಇಡುವ ಖಾನೆ ಹೆಚ್ಚೂಕಡಿಮೆ ಅದರ ಆಸುಪಾಸೇ.

ಶುದ್ಧತೆಯ ಮಾತು

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ 13 ಬ್ರ್ಯಾಂಡ್‌ಗಳ ಜೇನಿನ ಪರೀಕ್ಷೆಯ ಫಲಿತಾಂಶ ಬಿಡುಗಡೆ ಮಾಡಿ, ಹೆಚ್ಚಿನವುಗಳಲ್ಲಿ ಸಕ್ಕರೆ ಪಾಕ ಬೆರೆತಿದೆ ಎಂದಾಗ ಬಾಟಲಿಯ ಮೇಲಿನ ನಂಬಿಕೆ ಇಲ್ಲಿಯೂ ಅಲುಗಾಡಿತು. ಎರಿ ಸಮೇತ ಕೊಡಿ ಎಂದು ಕೇಳುವವರು ಈಗ ಪೇಟೆಯಲ್ಲೂ ಇದ್ದಾರೆ. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ನಡೆದದ್ದೇ ಮತ್ತೆ ನಡೆಯುತ್ತಿದೆ. ಎರಿಯನ್ನು ಯಾರೂ ಅಚ್ಚು ಹಾಕಲಾರರು ಎಂಬುದು ರೂಟ್‌ನ ಕಾಲಕ್ಕೆ ಎಷ್ಟು ಸತ್ಯವೋ ಈಗಲೂ ಅಷ್ಟೇ ಸತ್ಯ. ಆದರೆ ಪಾನಕ ಕುಡಿಸಿ ಕಟ್ಟಿಸಿದ ಎರಿಯೂ ಅಪ್ಪಟ ಎರಿಯೇ ಆಗಿರುತ್ತದೆ. ಆದ್ದರಿಂದ ಎರಿ ಕೊಳ್ಳುವವರು ಕೇಳಬೇಕಾದದ್ದು ಎರಡು: ಯಾವ ಹೂವಿನ ಕಾಲದ್ದು, ಪೆಟ್ಟಿಗೆ ಎಲ್ಲಿಟ್ಟಿದ್ದು. ಸಾಕಿದವನಾದರೆ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ಬೇಸಗೆಯಲ್ಲದ ಕಾಲದಲ್ಲಿ, ಹೂವಿಲ್ಲದ ಊರಿನಲ್ಲಿ, ರಾಶಿಗಟ್ಟಲೆ ಹೊಸ ಬಿಳಿ ಎರಿ ಕಂಡರೆ ನಾನಂತೂ ಕೊಳ್ಳುವುದಿಲ್ಲ.

ಕರಾವಳಿಯ ಸಂತೆಯಲ್ಲಿ ಎರಿ ಮಾರುವವನಿಗೆ ತಪ್ಪದೆ ಎದುರಾಗುವ ಪ್ರಶ್ನೆ ಬೇರೆಯೇ: “ಮೇಣ ಹೊಟ್ಟೆಗೆ ಹೋದ್ರೆ ಏನಾದ್ರೂ ಆಗ್ತದಾ ಮಾರಾಯ್ರೆ?” ಏನೂ ಆಗುವುದಿಲ್ಲ. ನಮ್ಮ ಹೊಟ್ಟೆಗೆ ಅದು ಜೀರ್ಣವಾಗದು, ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತದೆ. ಬೇಡವೆನಿಸಿದರೆ ಜಗಿದು ಉಗಿಯಬಹುದು. ಬಿಸಿ ನೀರುದೋಸೆ, ಅಕ್ಕಿರೊಟ್ಟಿಯ ಮೇಲೆ ತೆಳುವಾಗಿ ಒತ್ತಿ ತಿಂದರೆ ಮೇಣ ಮೆತ್ತಗಾಗಿ ಹಿಟ್ಟಿನ ಜೊತೆಯೇ ಇಳಿಯುತ್ತದೆ. ಕುದಿಯುವ ಚಹಾಕ್ಕೆ ಹಾಕುವ ಸಾಹಸ ಬೇಡ. ಮೇಣ 62ರಿಂದ 64 ಡಿಗ್ರಿಯಲ್ಲಿ ಕರಗಿ ಲೋಟದ ಅಂಚಿಗೆ ಹಿಡಿಯುತ್ತದೆ, ತಿಕ್ಕಿದರೆ ಹೋಗದು. ಗಂಭೀರವಾಗಿ ಹೇಳಬೇಕಾದ ಮಾತೊಂದಿದೆ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿ ಹಲವು ಮನೆಗಳಲ್ಲಿ ಇದೆ. ಎಷ್ಟೇ ಶುದ್ಧ ಜೇನಿನಲ್ಲೂ ಬಾಟ್ಯುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರಿಗೆ ಅದರಿಂದ ತೊಂದರೆಯಿಲ್ಲ, ಒಂದು ವರ್ಷದೊಳಗಿನ ಕೂಸಿನ ಪ್ರಾಣಕ್ಕೆ ಅಪಾಯ. ಅಜ್ಜಿಯಂದಿರು ಬೇಸರಿಸಿದರೂ ಸರಿ, ಕೊಡಕೂಡದು.

ಜರಡಿಯ ಕೆಳಗೆ ರಾತ್ರಿ ಸೋರಿದ ಜೇನು ಸುಗ್ಗಿಯಲ್ಲಿ ಸಿಗುವ ಅತ್ಯಂತ ತಿಳಿಯಾದ ಜೇನು, ಅದನ್ನು ಬೇರೆ ಸೀಸೆಗೆ ಹಾಕಿಟ್ಟುಕೊಳ್ಳಿ. ಅಂಚು ಕತ್ತರಿಸಿದ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕುದಿಸಿದರೆ ಮೇಣ ತೇಲಿ ತಣಿದಾಗ ಬಿಲ್ಲೆಯಾಗುತ್ತದೆ. ಮುಂದಿನ ವರ್ಷದ ಪಟ್ಟಿಗಳಿಗೆ ಅದು ಧಾರಾಳ, ಪೇಟೆಯ ಮೇಣದ ಹಂಗೂ ತಪ್ಪುತ್ತದೆ. ಚೌಕಟ್ಟಿನ ಮೇಲ್ಪಟ್ಟಿಗೆ ಬಿಟ್ಟ ಬೆರಳಗಲದ ಎರಿಯ ಸಮೇತ ಅದನ್ನು ಅದೇ ದಿನ ಸಂಜೆ ಪೆಟ್ಟಿಗೆಗೆ ಮರಳಿಸಿದರೆ ನೊಣಗಳು ಕಡಿದ ಅಂಚನ್ನು ನೆಕ್ಕಿ ಒಣಗಿಸಿ, ಹೂವಿದ್ದರೆ ಅಲ್ಲಿಂದಲೇ ಮತ್ತೆ ಇಳಿಸಿ ಕಟ್ಟುತ್ತವೆ. ಮೇ ಕೊನೆಯ ಮಳೆ ಹಿಡಿಯುವ ಮುನ್ನ ಜೇನುಕೋಣೆ ಕೆಳಗಿಳಿಸಿ, ಸಂಸಾರ ಕೋಣೆಯಲ್ಲಿ ಜೇನು ಸಾಕಷ್ಟಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೊಯ್ದದ್ದರಲ್ಲಿ ಒಂದು ತುಂಡನ್ನು ಅಲ್ಲಿಗೇ ಕೊಟ್ಟುಬಿಡುವುದು ಒಳ್ಳೆಯದು.